ಟ್ಯಾಬ್ಲೆಟ್‌ನ ಪವರ್ ಬಟನ್ ಒಳಗೆ ಕುಸಿದಿದೆ, ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ನನ್ನ ಟ್ಯಾಬ್ಲೆಟ್ ಕೊಂಡು ನಾಲ್ಕು ವರ್ಷವಾಯಿತು, ವಾರಂಟಿ ಮುಗಿದಿದೆ. ಕೆಲವು ವಾರಗಳಿಂದ ಪವರ್ ಬಟನ್ ಒಳಗೆ ಕುಸಿದ ಹಾಗಿದೆ. ಉಗುರಿನಿಂದ ಒತ್ತಿ ಹಿಡಿದರೆ ಮಾತ್ರ, ಅದೂ ಹತ್ತು ಸಲಕ್ಕೆ ಎರಡು ಸಲ ಕೆಲಸ ಮಾಡುತ್ತದೆ. ಮೊದಲಿದ್ದ 'ಟಕ್' ಸದ್ದು ಈಗಿಲ್ಲ. ವಾಲ್ಯೂಮ್ ಬಟನ್‌ಗಳು ಚೆನ್ನಾಗಿವೆ. ನನಗೆ ಸ್ಕ್ರೂ ಬಿಚ್ಚಿ ಹಾಕುವ ಕೆಲಸ, ಸ್ವಲ್ಪ ಮಟ್ಟಿಗೆ ಬೆಸುಗೆ ಗೊತ್ತು. ಇದನ್ನು ಮನೆಯಲ್ಲೇ ಬದಲಿಸಬಹುದೇ? ಏನೇನು ಬೇಕು, ಎಲ್ಲಿ ಎಡವುತ್ತೇನೆ?

ಉತ್ತರ: ಬದಲಿಸಬಹುದು. ಬೆಸುಗೆ ಹಿಡಿದು ಗೊತ್ತಿರುವ ಕೈಗೆ ಇದು ಎಟುಕದ ಕೆಲಸವೇನಲ್ಲ. ಆದರೆ ಬಟನ್ ಬದಲಿಸಲು ಹತ್ತು ನಿಮಿಷ ಸಾಕಾದರೆ, ಅದರ ಹತ್ತಿರ ತಲುಪಲು ಮತ್ತು ಆಮೇಲೆ ಮುಚ್ಚಲು ಅರ್ಧ ದಿನ ಬೇಕು. ಈ ರಿಪೇರಿಯಲ್ಲಿ ಟ್ಯಾಬ್ಲೆಟ್ ಕೈಕೊಡುವುದೆಲ್ಲ ಆ ಅರ್ಧ ದಿನದಲ್ಲೇ: ಬಿಡಿಸುವಾಗ ಗಾಜು ಸೀಳುತ್ತದೆ, ಅವಸರದಲ್ಲಿ ಕೇಬಲ್ ಹರಿಯುತ್ತದೆ, ಬ್ಯಾಟರಿ ಬಿಚ್ಚದೆ ಕೈ ಹಾಕಿದ್ದರಿಂದ ಡಿಸ್‌ಪ್ಲೇ ಕಪ್ಪಾಗುತ್ತದೆ. ಆದ್ದರಿಂದ ತೆರೆಯುವ ಮೊದಲು ನಿಜವಾಗಿ ಏನು ಹಾಳಾಗಿದೆ ಎಂದು ಪತ್ತೆ ಮಾಡಿ.

ಹೊರಗೆ ಕಾಣುವ ಬಟನ್ ಬರೀ ಟೋಪಿ. ಅದರ ಬೆನ್ನಿಗೆ ಕೆಲವು ಮಾದರಿಗಳಲ್ಲಿ ಚಿಕ್ಕ ರಬ್ಬರ್ ತುಂಡೊಂದು ಇರುತ್ತದೆ. ಅದರ ಹಿಂದಿರುವುದು ನಿಜವಾದ ಸ್ವಿಚ್. ಸ್ವಿಚ್‌ನೊಳಗೆ ಗುಮ್ಮಟದ ಆಕಾರದ ತೆಳ್ಳನೆಯ ಉಕ್ಕಿನ ಬಿಲ್ಲೆ ಇದೆ. ಒತ್ತಿದಾಗ ಅದು ಒಳಕ್ಕೆ ಮಗುಚಿಕೊಂಡು ಕೆಳಗಿನ ಎರಡು ಸಂಪರ್ಕಗಳನ್ನು ಕೂಡಿಸುತ್ತದೆ. ನಿಮಗೆ ಕೇಳಿಸುತ್ತಿದ್ದ 'ಟಕ್' ಆ ಬಿಲ್ಲೆಯದೇ. ಈ ಸ್ವಿಚ್ಚನ್ನು ಬಾಗುವ ತೆಳು ಪಟ್ಟಿಯೊಂದರ ಮೇಲೆ ಬೆಸೆದಿರುತ್ತಾರೆ. ಅದಕ್ಕೆ ಫ್ಲೆಕ್ಸ್ ಎಂದೂ ಸ್ಟ್ರಿಪ್ ಎಂದೂ ಹೇಳುತ್ತಾರೆ. ಪಟ್ಟಿಯ ಇನ್ನೊಂದು ತುದಿ ಟ್ಯಾಬ್‌ನ ಮುಖ್ಯ ಸರ್ಕ್ಯೂಟ್ ಬೋರ್ಡಿನ ಕನೆಕ್ಟರ್‌ಗೆ ಹೋಗುತ್ತದೆ. ಕೆಲವು ಟ್ಯಾಬ್‌ಗಳಲ್ಲಿ ಪಟ್ಟಿಯೇ ಇರುವುದಿಲ್ಲ, ಸ್ವಿಚ್ ನೇರವಾಗಿ ಬೋರ್ಡಿನ ಅಂಚಿಗೇ ಬೆಸೆದಿರುತ್ತದೆ.

ಇಷ್ಟು ತಿಳಿದರೆ ಲಕ್ಷಣಗಳನ್ನು ಓದುವುದು ಸುಲಭ. 'ಟಕ್' ಚೆನ್ನಾಗಿದ್ದೂ ಕೆಲಸ ಆಗದಿದ್ದರೆ ಬಿಲ್ಲೆ ಗಟ್ಟಿಯಾಗಿದೆ, ಸಂಪರ್ಕಕ್ಕೆ ಕೊಳೆ ಹಿಡಿದಿದೆ ಅಥವಾ ಪಟ್ಟಿ ಎಲ್ಲೋ ತುಂಡಾಗಿದೆ. ಬಟನ್ ಲೊಡಲೊಡ ಅಲ್ಲಾಡುತ್ತಿದ್ದರೆ ಟೋಪಿಯನ್ನು ಹಿಡಿದಿಡುವ ಕಾಲು ಮುರಿದಿದೆ. ಯಾರೂ ಮುಟ್ಟದೆ ಟ್ಯಾಬ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುವುದು, ವಾಲ್ಯೂಮ್ ತಾನಾಗಿ ಇಳಿಯುವುದು, ಆಂಡ್ರಾಯ್ಡ್ ಆದರೆ ಪ್ರತಿ ಸಲ ಸೇಫ್ ಮೋಡ್‌ನಲ್ಲೇ ಏಳುವುದು, ಇವೆಲ್ಲ ಬಟನ್ ಒತ್ತಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುವುದರ ಅಥವಾ ಒಳಗೆ ತೇವ ಸೇರಿರುವುದರ ಗುರುತು. ನೀವು ಹೇಳುವ ಲಕ್ಷಣ, ಅಂದರೆ ಸದ್ದಿಲ್ಲ, ಕುಸಿದಿದೆ, ಉಗುರಿನಿಂದ ಒತ್ತಿದರೆ ಆಗೊಮ್ಮೆ ಈಗೊಮ್ಮೆ ಕೆಲಸ ಮಾಡುತ್ತದೆ ಎಂಬುದಕ್ಕೆ ಎರಡು ಕಾರಣ ಇರಬಹುದು. ಒಂದು, ಬಿಲ್ಲೆ ಸವೆದು ಬಿರುಕು ಬಿಟ್ಟಿದೆ. ಎರಡು, ಸ್ವಿಚ್ ಚೆನ್ನಾಗಿಯೇ ಇದೆ, ಅದರ ಬೆನ್ನಿಗೆ ಆಧಾರವಾಗಿದ್ದ ಅಂಟು ಬಿಟ್ಟು ಅಥವಾ ಲೋಹದ ಪಟ್ಟಿ ಬಾಗಿ ಸ್ವಿಚ್ಚೇ ಹಿಂದಕ್ಕೆ ಸರಿದಿದೆ. ಎರಡನೆಯದಾದರೆ ಬಿಡಿಭಾಗವೇ ಬೇಕಿಲ್ಲ. ಯಾವುದೆಂದು ತೆರೆದ ಮೇಲಷ್ಟೇ ಗೊತ್ತಾಗುತ್ತದೆ.

ತೆರೆಯುವ ಮೊದಲು ಮೂರು ಪರೀಕ್ಷೆ ಮಾಡಿ. ಕವರ್ ತೆಗೆದು ಬಟನ್ ಒತ್ತಿ ನೋಡಿ, ಕವರೇ ಅದನ್ನು ಒತ್ತಿ ಹಿಡಿದಿರಬಹುದು. ಟ್ಯಾಬನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ ಮೂಲೆಗಳನ್ನು ಒತ್ತಿ. ತೊಟ್ಟಿಲಂತೆ ತೂಗಿದರೆ, ಅಥವಾ ಗಾಜಿಗೂ ಚೌಕಟ್ಟಿಗೂ ನಡುವೆ ಬಿರುಕು ಕಂಡರೆ, ಬ್ಯಾಟರಿ ಊದಿರುವ ಸಾಧ್ಯತೆ ಇದೆ. ಒಳಗಿನಿಂದ ತಳ್ಳಿ ಬಟನ್ನನ್ನು ಜಾಗ ತಪ್ಪಿಸುವುದು ಕೆಲವೊಮ್ಮೆ ಊದಿದ ಬ್ಯಾಟರಿಯೇ. ಹಾಗಿದ್ದರೆ ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ, ಟ್ಯಾಬನ್ನು ನುರಿತವರಿಗೆ ಕೊಡಿ. ಊದಿದ ಬ್ಯಾಟರಿಯ ಪಕ್ಕದಲ್ಲಿ ಪಿಕ್ (ಸಂದಿ ಬಿಡಿಸುವ ತೆಳು ಪ್ಲಾಸ್ಟಿಕ್ ತುಂಡು) ತೂರಿಸುವ ಕೆಲಸ ಮನೆಯಲ್ಲಿ ಬೇಡ. ಮೂರನೆಯದು ಶುಚಿ. ಮುಂದೆ ಹೇಳುವ ಬ್ಯಾಕಪ್ ಮುಗಿಸಿಕೊಂಡು ಟ್ಯಾಬ್ ಆಫ್ ಮಾಡಿ, ಬಟನ್ ಇರುವ ಅಂಚನ್ನು ಕೆಳಮುಖ ಹಿಡಿದು, ಶೇಕಡಾ 90ಕ್ಕಿಂತ ಹೆಚ್ಚು ಶುದ್ಧತೆಯ ಐಸೊಪ್ರೊಪೈಲ್ ಆಲ್ಕೋಹಾಲನ್ನು ಮೆದು ಹಲ್ಲುಜ್ಜುವ ಬ್ರಷ್‌ಗೆ ಎರಡೇ ಹನಿ ಹಾಕಿ ಬಟನ್ ಸುತ್ತ ಉಜ್ಜಿ. ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡಿ, ಅರ್ಧ ಗಂಟೆ ಒಣಗಲಿ. ಬರೀ ಕೊಳೆಯಾಗಿದ್ದರೆ ಇಲ್ಲಿಗೇ ಗುಣವಾಗುತ್ತದೆ. ಎಣ್ಣೆಯಂಶದ ಸ್ಪ್ರೇ ಮಾತ್ರ ಬೇಡ. ಅದು ಒಳಗೆ ಉಳಿದು ಧೂಳು ಹಿಡಿಯುತ್ತದೆ, ಅಂಟನ್ನೂ ಸಡಿಲಿಸುತ್ತದೆ.

ಟ್ಯಾಬ್ ಆಫ್ ಮಾಡುವ ಮೊದಲೇ ನಿಮ್ಮ ಫೋಟೊ, ಕಡತಗಳ ಬ್ಯಾಕಪ್ ತೆಗೆದುಕೊಳ್ಳಿ. ಅದು ಮುಗಿಯುವ ತನಕ ಟ್ಯಾಬನ್ನು ಪೂರ್ತಿ ಆಫ್ ಆಗಲು ಬಿಡಬೇಡಿ, ಬಟನ್ ಕೈಕೊಟ್ಟರೆ ಮತ್ತೆ ಎಬ್ಬಿಸುವುದು ಕಷ್ಟ. ಐಪ್ಯಾಡ್ ಆಗಿದ್ದರೆ ಚಾರ್ಜರ್ ಚುಚ್ಚಿದ ಕೂಡಲೇ ತಾನಾಗಿ ಏಳುತ್ತದೆ. ಅನೇಕ ಆಂಡ್ರಾಯ್ಡ್ ಟ್ಯಾಬ್‌ಗಳು ಬ್ಯಾಟರಿ ಚಿತ್ರ ತೋರಿಸಿ ಸುಮ್ಮನಾಗುತ್ತವೆ. ಬಿಡಿಭಾಗ ಬರುವವರೆಗೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗ ಕೈಹಿಡಿಯುತ್ತದೆ. ಐಪ್ಯಾಡ್‌ನಲ್ಲಿ ಅಸಿಸ್ಟಿವ್ ಟಚ್, ಆಂಡ್ರಾಯ್ಡ್‌ನಲ್ಲಿ ಆಕ್ಸೆಸಿಬಿಲಿಟಿ ಮೆನು. ಲಾಕ್, ವಾಲ್ಯೂಮ್ ಎಲ್ಲವನ್ನೂ ಪರದೆಯ ಮೇಲಿಂದಲೇ ಮಾಡಬಹುದು.

ಬಿಡಿಭಾಗ ತರಿಸುವಾಗ ಹೆಚ್ಚಿನವರು ತಪ್ಪುವುದು ಮಾದರಿ ಸಂಖ್ಯೆಯಲ್ಲಿ. ಟ್ಯಾಬ್ಲೆಟ್‌ನ ಮಾರಾಟದ ಹೆಸರು ಸಾಲದು. ಹಿಂಬದಿಯಲ್ಲೋ ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲೋ ಇರುವ ಪೂರ್ತಿ ಮಾದರಿ ಸಂಖ್ಯೆ ಬೇಕು. ಆಪಲ್‌ನಲ್ಲಿ ಅದು 'ಎ' ಅಕ್ಷರದಿಂದ ಶುರುವಾಗುತ್ತದೆ, ಸ್ಯಾಮ್‌ಸಂಗ್‌ನಲ್ಲಿ 'ಎಸ್‌ಎಮ್' ಎಂದು. ವೈಫೈ ಮಾತ್ರ ಇರುವ ಮಾದರಿಗೂ ಸಿಮ್ ಹಾಕುವ ಮಾದರಿಗೂ ಹೆಸರು ಒಂದೇ ಇದ್ದು ಫ್ಲೆಕ್ಸ್‌ನ ಉದ್ದ, ಮಡಿಕೆ ಬೇರೆ ಇರುವುದುಂಟು. ಫ್ಲೆಕ್ಸ್ ಮೇಲೆಯೇ ಸಣ್ಣ ಅಕ್ಷರದಲ್ಲಿ ಅಚ್ಚಾದ ಸಂಖ್ಯೆ ತಾಳೆಯಾದರೆ ಅನುಮಾನವೇ ಬೇಡ. ಪವರ್ ಮತ್ತು ವಾಲ್ಯೂಮ್ ಸ್ವಿಚ್‌ಗಳು ಸಾಮಾನ್ಯವಾಗಿ ಒಂದೇ ಪಟ್ಟಿಯಲ್ಲಿರುತ್ತವೆ, ಕೆಲವು ಮಾದರಿಗಳಲ್ಲಿ ಅದೇ ಪಟ್ಟಿಗೆ ಮೈಕ್ ಕೂಡ ಅಂಟಿರುತ್ತದೆ. ಹೊಸ ಪಟ್ಟಿಯ ಜೊತೆ ಟೋಪಿ, ಲೋಹದ ಆಧಾರ ಪಟ್ಟಿ ಬರುವುದಿಲ್ಲ ಎಂದೇ ತಿಳಿದಿರಿ. ಹಳೆಯದರಿಂದ ಬಿಡಿಸಿ ಹಾಕಬೇಕಾಗುತ್ತದೆ.

ಬೆರಳಚ್ಚು ಓದುವ ಬಟನ್ ಇದ್ದರೆ ಇನ್ನೊಂದು ಎಚ್ಚರ. ಐಪ್ಯಾಡ್ ಏರ್ 2 ಮತ್ತು ಐಪ್ಯಾಡ್ ಮಿನಿ 3ರಿಂದ, ಅಂದರೆ 2014ರಿಂದ, ಐಪ್ಯಾಡ್‌ಗಳ ಹೋಮ್ ಬಟನ್‌ಗೆ ಟಚ್ ಐಡಿ ಬಂತು. 2020ರ ಐಪ್ಯಾಡ್ ಏರ್‌ನಲ್ಲಿ ಅದು ಮೇಲಂಚಿನ ಪವರ್ ಬಟನ್‌ಗೆ ಸರಿಯಿತು. ಈ ಬಟನ್ನು ಆ ಬೋರ್ಡಿಗೇ ಜೋಡಿಯಾಗಿರುತ್ತದೆ. ಬೇರೆ ಬಟನ್ ಹಾಕಿದರೆ ಒತ್ತುವ ಕೆಲಸ ನಡೆದರೂ ಬೆರಳಚ್ಚು ನಡೆಯುವುದಿಲ್ಲ. ಅಂಥ ಟ್ಯಾಬ್ ನಿಮ್ಮದಾದರೆ ಮೂಲ ಸೆನ್ಸರ್ ಮತ್ತು ಅದರ ಪಟ್ಟಿಯನ್ನು ಹರಿಯದಂತೆ ಉಳಿಸಿಕೊಂಡು ಹಿಂದಿನ ಸ್ವಿಚ್ಚನ್ನೋ ಆಧಾರವನ್ನೋ ಮಾತ್ರ ಸರಿಪಡಿಸಲು ನೋಡಿ.

ಸಲಕರಣೆ ಹೆಚ್ಚೇನೂ ಬೇಡ. ಪಿಎಚ್ 000 ಮತ್ತು ಪಿಎಚ್ 00 ಫಿಲಿಪ್ಸ್ ಸ್ಕ್ರೂಡ್ರೈವರ್, ಕೆಲವು ಮಾದರಿಗಳಿಗೆ ನಕ್ಷತ್ರಾಕಾರದ ತುದಿಯ ಟಿ5 ಟಾರ್ಕ್ಸ್, ತೆಳ್ಳನೆಯ ಪ್ಲಾಸ್ಟಿಕ್ ಪಿಕ್‌ಗಳು ಆರಾದರೂ, ಚಪ್ಪಟೆ ತುದಿಯ ಪ್ಲಾಸ್ಟಿಕ್ ಕಡ್ಡಿ, ಚೂಪು ಚಿಮುಟ, ಹೇರ್ ಡ್ರೈಯರ್, ಹೀರುಬಟ್ಟಲು (ಸಕ್ಷನ್ ಕಪ್), ಮಲ್ಟಿಮೀಟರ್, ಐಸೊಪ್ರೊಪೈಲ್ ಆಲ್ಕೋಹಾಲ್, 2 ಮಿ.ಮೀ. ಅಗಲದ ತೆಳು ಡಬಲ್ ಟೇಪ್ ಅಥವಾ ಬಿ-7000 ಅಂಟು. ಬಿಸಿ ತಡೆಯುವ, ಕಂದು ಬಣ್ಣದ ಕ್ಯಾಪ್ಟನ್ (Kapton) ಟೇಪ್ ಕೂಡ ಬೇಕು. ಪಿಕ್ ಬದಲಿಗೆ ಬ್ಲೇಡ್, ಚಾಕು ಹಿಡಿಯಬೇಡಿ. ಟ್ಯಾಬ್ಲೆಟ್‌ನ ಒಳಗನ್ನು ಹೆಚ್ಚು ಕಡಿಮೆ ಪೂರ್ತಿ ತುಂಬಿರುವುದು ಬ್ಯಾಟರಿ. ಲೋಹದ ತುದಿ ಅದರ ತೆಳು ಹೊದಿಕೆಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಇದೇ ಕಾರಣಕ್ಕೆ ಕೆಲಸಕ್ಕೆ ಕೂರುವ ಮುನ್ನ ಚಾರ್ಜ್ ಶೇಕಡಾ 25ಕ್ಕಿಂತ ಕೆಳಗೆ ಇಳಿದಿರಲಿ. ಆಮೇಲೆ ಸಿಮ್, ಮೆಮೊರಿ ಕಾರ್ಡ್ ಟ್ರೇ ಹೊರತೆಗೆದು ಪಕ್ಕಕ್ಕಿಡಿ. ಟ್ರೇ ಒಳಗಿದ್ದರೆ ಚೌಕಟ್ಟು ಎಳೆಯುವಾಗ ಕಾರ್ಡ್ ರೀಡರ್‌ನ ಪಿನ್‌ಗಳು ಕಿತ್ತುಬರುತ್ತವೆ.

ತೆರೆಯುವ ದಾರಿ ಎರಡು ಬಗೆ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ಕೊಂಡಿಗಳಿಂದ ಕೂತಿರುವ ಟ್ಯಾಬ್ ಆದರೆ ನಿಮ್ಮ ಅದೃಷ್ಟ. ಮುಚ್ಚಳದ ಸಂದಿಗೆ ಪಿಕ್ ತೂರಿಸಿ, ಬಟನ್ ಇಲ್ಲದ ಬದಿಯಿಂದ ಶುರು ಮಾಡಿ, ಒಂದೊಂದೇ ಕೊಂಡಿ ಬಿಡಿಸುತ್ತ ಸುತ್ತಿ ಬನ್ನಿ. ಬಿಟ್ಟ ಜಾಗದಲ್ಲಿ ಪಿಕ್ ಹಾಗೇ ಇರಲಿ, ತೆಗೆದರೆ ಕೊಂಡಿ ಮತ್ತೆ ಕಚ್ಚಿಕೊಳ್ಳುತ್ತದೆ. ಬಟನ್ ಇರುವ ಬದಿಯನ್ನು ಕೊನೆಗೆ ಬಿಡಿಸಿ, ಪುಸ್ತಕದ ಹಾಳೆ ತಿರುವುವ ಹಾಗೆ ನಿಧಾನವಾಗಿ ಎತ್ತಿ, ಮುಚ್ಚಳಕ್ಕೂ ಬೋರ್ಡಿಗೂ ಕೇಬಲ್ ಇದೆಯೇ ನೋಡಿ.

ಐಪ್ಯಾಡ್ ಮತ್ತು ಲೋಹದ ಬೆನ್ನಿನ ಅನೇಕ ಟ್ಯಾಬ್‌ಗಳಲ್ಲಿ ಒಳಹೋಗಬೇಕಾದದ್ದು ಮುಂದಿನ ಗಾಜಿನ ಮೂಲಕ. ತಾಳ್ಮೆ ಬೇಕಾಗುವುದು ಇಲ್ಲಿ. ಹೇರ್ ಡ್ರೈಯರನ್ನು ಒಂದೇ ಕಡೆ ಹಿಡಿಯದೆ ಒಂದು ಅಂಚಿನುದ್ದಕ್ಕೂ ಆಡಿಸುತ್ತ ಎರಡು ನಿಮಿಷ ಬಿಸಿ ಮಾಡಿ. ಗಾಜು 60ರಿಂದ 70 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಸಾಕು. ಬೆರಳಿಟ್ಟರೆ ಹೆಚ್ಚು ಹೊತ್ತು ಇಟ್ಟಿರಲಾಗದು, ಅಷ್ಟು. ಬಿಸಿ ಅಂಚಿಗೆ ಮಾತ್ರ, ಬ್ಯಾಟರಿ ಇರುವ ನಡುಭಾಗಕ್ಕೆ ಬೇಡ. ಹೀರುಬಟ್ಟಲಿನಿಂದ ಗಾಜನ್ನು ಕೂದಲೆಳೆಯಷ್ಟು ಎತ್ತಿ, ಪಿಕ್‌ನ ತುದಿಯನ್ನು 3 ಮಿ.ಮೀ.ನಷ್ಟೇ ಒಳಬಿಟ್ಟು ಅಂಚಿನುದ್ದಕ್ಕೂ ಸರಿಸಿ. ಪಿಕ್ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ಮತ್ತೆ ಬಿಸಿ ಮಾಡಿ. ಒಡೆದ ಗಾಜುಗಳ ಹಿಂದಿನ ಕಥೆ ಬಹುಪಾಲು ಇಷ್ಟೇ: ಅಂಟು ಆರಿತ್ತು, ಕೈ ಒತ್ತಿತು. ಗಾಜಿನಲ್ಲಿ ಮೊದಲೇ ಬಿರುಕಿದ್ದರೆ ಅಗಲದ ಪಾರದರ್ಶಕ ಟೇಪನ್ನು ಪರದೆ ತುಂಬ ಅಂಟಿಸಿ, ಕಣ್ಣಿಗೆ ಕನ್ನಡಕ ಹಾಕಿಯೇ ಮುಂದುವರಿಯಿರಿ. ಗಾಜಿನ ಕೇಬಲ್ ಯಾವ ಬದಿಯಲ್ಲಿದೆ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ನಿಮ್ಮದೇ ಮಾದರಿ ಸಂಖ್ಯೆಯ ತೆರೆದ ಚಿತ್ರವನ್ನು ಮುಂದಿಟ್ಟುಕೊಂಡು, ಆ ಬದಿಯಲ್ಲಿ ಪಿಕ್ ಆಳಕ್ಕೆ ಹೋಗದಂತೆ ನೋಡಿಕೊಳ್ಳಿ.

ಒಳಗೆ ಕಂಡ ಪ್ರತಿ ಸ್ಕ್ರೂಗೂ ಒಂದು ಜಾಗ ಬೇಕು. ಬಿಳಿ ಹಾಳೆಯ ಮೇಲೆ ಟ್ಯಾಬ್‌ನ ಆಕಾರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದೇ ಸ್ಥಾನದಲ್ಲಿ ಟೇಪ್ ಹಾಕಿ ಅಂಟಿಸಿ. ಒಂದಕ್ಕೊಂದು ಅರ್ಧ ಮಿ.ಮೀ. ಉದ್ದದ ವ್ಯತ್ಯಾಸ ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹೋದರೆ ಅದು ಬೋರ್ಡಿನೊಳಗಿನ ತಾಮ್ರದ ಗೆರೆಗಳನ್ನೇ ಕೊರೆದುಹಾಕುತ್ತದೆ, ಆ ಗಾಯಕ್ಕೆ ಮದ್ದಿಲ್ಲ.

ಮೊದಲು ಬಿಚ್ಚಬೇಕಾದದ್ದು ಬ್ಯಾಟರಿ ಕನೆಕ್ಟರ್, ಉಳಿದದ್ದೆಲ್ಲ ಆಮೇಲೆ. ಟ್ಯಾಬ್ ಆಫ್ ಆಗಿದ್ದರೂ ಬೋರ್ಡಿನ ಕೆಲವು ಗೆರೆಗಳಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಅದರಲ್ಲೂ ಡಿಸ್‌ಪ್ಲೇ ಕನೆಕ್ಟರ್‌ನಲ್ಲಿ ಬ್ಯಾಕ್‌ಲೈಟ್‌ನ (ಪರದೆಗೆ ಹಿಂದಿನಿಂದ ಬೆಳಕು ಕೊಡುವ ದೀಪದ) ಗೆರೆ ಮಿಕ್ಕ ಪಿನ್‌ಗಳ ಪಕ್ಕದಲ್ಲೇ ಇದೆ. ಜೀವಂತ ಇರುವಾಗ ಅದನ್ನು ಓರೆಯಾಗಿ ಎಳೆದರೆ ಪಿನ್‌ಗಳು ತಾಗಿ ಬ್ಯಾಕ್‌ಲೈಟ್‌ನ ಫ್ಯೂಸ್ ಸುಟ್ಟುಹೋಗುತ್ತದೆ. ಬಟನ್ ಸರಿಯಾಯಿತು, ಪರದೆ ಕಪ್ಪಾಯಿತು ಎಂಬ ದೂರಿನ ಹಿಂದೆ ಇದೇ ಇರುತ್ತದೆ. ಕೆಲವು ಐಪ್ಯಾಡ್‌ಗಳಲ್ಲಿ ಬ್ಯಾಟರಿಗೆ ಸುಲಭವಾಗಿ ಬಿಚ್ಚುವ ಕನೆಕ್ಟರ್ ಇಲ್ಲ, ಬೋರ್ಡಿನ ಕೆಳಗೆ ಒತ್ತಿ ಕೂತಿರುವ ಸಂಪರ್ಕವಿದೆ. ಅಲ್ಲಿ ಸ್ಕ್ರೂ ಬಿಚ್ಚಿ, ಸಂಪರ್ಕದ ನಡುವೆ ತೆಳು ಪ್ಲಾಸ್ಟಿಕ್ ತುಂಡನ್ನು ಜಾರಿಸಿ ವಿದ್ಯುತ್ ತಡೆಯುತ್ತಾರೆ. ಅದಕ್ಕೆಂದೇ ಮಾಡಿದ ತುಂಡು ಸಿಗುತ್ತದೆ. ಗಡುಸು ಕಾರ್ಡ್ ತೂರಿಸಿದರೆ ಸ್ಪ್ರಿಂಗ್ ಸಂಪರ್ಕಗಳು ಬಾಗುತ್ತವೆ.

ಕನೆಕ್ಟರ್‌ಗಳಲ್ಲಿ ಎರಡು ಜಾತಿ. ಗುಂಡಿಯಂತೆ ಒತ್ತಿ ಕೂರುವವನ್ನು ನೇರ ಮೇಲಕ್ಕೆ ಎತ್ತಬೇಕು. ಪಟ್ಟಿಯನ್ನು ಕಚ್ಚಿ ಹಿಡಿಯುವ ಸಣ್ಣ ರೆಪ್ಪೆ ಇರುವಂಥವಾದರೆ ರೆಪ್ಪೆಯನ್ನು ಮೇಲೆ ತಿರುಗಿಸಿದ ಮೇಲೆ ಪಟ್ಟಿ ತಾನಾಗಿ ಜಾರುತ್ತದೆ. ರೆಪ್ಪೆ ಯಾವ ಕಡೆ ಏಳುತ್ತದೆ ಎಂದು ನೋಡದೆ ಕನೆಕ್ಟರ್‌ನ ಬುಡಕ್ಕೇ ಕಡ್ಡಿ ಹಾಕಿ ಎಬ್ಬಿಸಿದರೆ ಅದು ಬೋರ್ಡಿನಿಂದಲೇ ಕಿತ್ತು ಬರುತ್ತದೆ.

ಈಗ ಬಟನ್ ಹತ್ತಿರ ಬಂದಿರಿ. ಕಿತ್ತು ತೆಗೆಯುವ ಮೊದಲು ಚೆನ್ನಾಗಿ ನೋಡಿ, ಬೆಳಕು ಹಿಡಿದು ಫೋಟೊ ತೆಗೆಯಿರಿ. ಸ್ವಿಚ್‌ನ ಬೆನ್ನಿಗೂ ಚೌಕಟ್ಟಿನ ಗೋಡೆಗೂ ನಡುವೆ ಸಂದಿ ಕಂಡರೆ, ಆಧಾರದ ಸ್ಕ್ರೂ ಸಡಿಲವಿದ್ದರೆ, ಚಿಮುಟದ ತುದಿಯಿಂದ ಸ್ವಿಚ್ಚನ್ನು ನೇರವಾಗಿ ಒತ್ತಿ. 'ಟಕ್' ಎಂದರೆ ಸ್ವಿಚ್ ಜೀವಂತ. ಆಧಾರ ಪಟ್ಟಿಯನ್ನು ನೆಟ್ಟಗೆ ಮಾಡಿ, ಹಳೆ ಅಂಟು ಒರೆಸಿ ಹೊಸ ಟೇಪ್ ಹಾಕಿದರೆ ರಿಪೇರಿ ಮುಗಿಯಿತು. ಟೋಪಿಯ ಒಳಮೊಳೆ ಸವೆದು ಸ್ವಿಚ್‌ಗೆ ಮುಟ್ಟದಂತಾಗಿದ್ದರೆ ಮೊಳೆಯ ತುದಿಗೆ ಕ್ಯಾಪ್ಟನ್ ಟೇಪಿನ ಎರಡು ಮೂರು ಪದರ ಅಂಟಿಸಿ. ದಪ್ಪ 0.1ರಿಂದ 0.2 ಮಿ.ಮೀ. ಸಾಕು. ಜಾಸ್ತಿಯಾದರೆ ಬಟನ್ ಸದಾ ಒತ್ತಿದಂತೆಯೇ ಇರುತ್ತದೆ.

ಸ್ವಿಚ್ ಸತ್ತಿದೆಯೇ ಎಂದು ಮಲ್ಟಿಮೀಟರ್ ಹೇಳುತ್ತದೆ. ಬ್ಯಾಟರಿ ಬಿಚ್ಚಿರುವಾಗ, ಪಟ್ಟಿಯನ್ನು ಬೋರ್ಡಿನಿಂದಲೂ ಬಿಚ್ಚಿ, ಸ್ವಿಚ್‌ನ ಎರಡು ಕಾಲುಗಳ ಮೇಲೆ ಮೀಟರ್‌ನ ಎರಡು ಮೊನೆ ಇಡಿ. ಒತ್ತದಿದ್ದಾಗ ಸಂಪರ್ಕ ತೋರಬಾರದು, ಒತ್ತಿದಾಗ ಒಂದೆರಡು ಓಮ್‌ನೊಳಗೆ ಸ್ಥಿರವಾಗಿ ನಿಲ್ಲಬೇಕು. ಅಂಕಿ ಹತ್ತಾರು ಓಮ್‌ಗಳಲ್ಲಿ ಕುಣಿಯುತ್ತಿದ್ದರೆ ಸ್ವಿಚ್ ಮುಗಿದಿದೆ. ಒತ್ತದೆಯೂ ಸಂಪರ್ಕ ತೋರಿಸಿದರೆ ಒಳಗೆ ತೇವ ಅಥವಾ ತುಕ್ಕು. ನಾಲ್ಕು ಕಾಲಿನ ಸ್ವಿಚ್‌ನಲ್ಲಿ ಎರಡೆರಡು ಕಾಲು ಒಳಗೇ ಕೂಡಿಕೊಂಡಿರುವುದರಿಂದ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯಿರಿ. ಆಮೇಲೆ ಪಟ್ಟಿಯ ತುದಿಯ ಪಿನ್‌ನಿಂದ ಸ್ವಿಚ್‌ನ ಕಾಲಿನ ತನಕವೂ ಅಳೆಯಿರಿ. ಸ್ವಿಚ್ ಚೆನ್ನಾಗಿದ್ದು ಪಟ್ಟಿಯ ಮಡಿಕೆಯಲ್ಲಿ ಗೆರೆ ತುಂಡಾಗಿರುವ ಸಂದರ್ಭಗಳೂ ಬೇಕಾದಷ್ಟಿವೆ.

ಪಟ್ಟಿಯನ್ನೇ ಬದಲಿಸುವುದಾದರೆ ಹಳೆಯದರ ಅಂಟಿಗೆ ಸ್ವಲ್ಪ ಬಿಸಿ ಕೊಟ್ಟು, ಆಲ್ಕೋಹಾಲ್‌ನ ಒಂದು ಹನಿ ಬಿಟ್ಟು, ಕಡ್ಡಿಯಿಂದ ಸವರುತ್ತ ಎತ್ತಿ. ಟೋಪಿಗಳು ಈ ಹೊತ್ತಿನಲ್ಲಿ ಉದುರುತ್ತವೆ. ಅವುಗಳ ಯಾವ ಮುಖ ಮೇಲಿತ್ತು ಎಂದು ಫೋಟೊದಲ್ಲಿ ಖಚಿತಪಡಿಸಿಕೊಳ್ಳಿ. ಹೊಸ ಪಟ್ಟಿಯನ್ನು ಅಂಟಿಸುವ ಮೊದಲು ಹಳೆಯದರ ಪಕ್ಕದಲ್ಲಿಟ್ಟು, ಅದು ಎಲ್ಲೆಲ್ಲಿ ಬಾಗಿತ್ತೋ ಅಲ್ಲೇ ದುಂಡಗೆ ಬಾಗಿಸಿ. ಉಗುರಿನಿಂದ ಗೀರಿ ಚೂಪಾಗಿ ಮಡಿಸಿದರೆ ಒಳಗಿನ ತಾಮ್ರ ಬಿರಿಯುತ್ತದೆ.

ನಿಮ್ಮ ಮಾದರಿಯ ಪಟ್ಟಿ ಸಿಗದಿದ್ದರೆ, ಅಥವಾ ಸ್ವಿಚ್ ಬೋರ್ಡಿಗೇ ಬೆಸೆದಿದ್ದರೆ, ಸ್ವಿಚ್ ಮಾತ್ರ ಬದಲಿಸಬೇಕು. ಹಳೆಯದರ ಉದ್ದ, ಅಗಲ, ಎತ್ತರ, ಹೊರಚಾಚಿದ ಗುಬ್ಬಿಯ ಅಳತೆಯನ್ನು ಕ್ಯಾಲಿಪರ್‌ನಿಂದ ತೆಗೆದು ಅದೇ ಅಳತೆಯದನ್ನು ತರಿಸಿ. ಗುಬ್ಬಿಯಲ್ಲಿ 0.2 ಮಿ.ಮೀ. ಹೆಚ್ಚುಕಡಿಮೆಯಾದರೂ ಬಟನ್ ಕುಸಿಯುತ್ತದೆ ಅಥವಾ ಸಿಕ್ಕಿಕೊಳ್ಳುತ್ತದೆ. ಹಳೆಯ ಸ್ವಿಚ್ಚನ್ನು ಇಡಿಯಾಗಿ ಎಳೆಯದೆ ಚಿಮುಟ, ಸಣ್ಣ ಕತ್ತರಿಯಿಂದ ಮೇಲ್ಭಾಗ ಕತ್ತರಿಸಿ ತೆಗೆದು, ಉಳಿದ ಕಾಲುಗಳನ್ನು ಒಂದೊಂದಾಗಿ ಬೆಸುಗೆ ಕರಗಿಸಿ ತೆಗೆಯಿರಿ. ಹೀಗೆ ಮಾಡಿದರೆ ಕೆಳಗಿನ ತಾಮ್ರದ ಪ್ಯಾಡ್ ಏಳುವುದಿಲ್ಲ. ಸುತ್ತಲಿನ ಭಾಗಗಳಿಗೆ ಕ್ಯಾಪ್ಟನ್ ಟೇಪ್ ಮುಚ್ಚಿರಲಿ. ಕಾರ್ಖಾನೆಯ ಸೀಸರಹಿತ ಬೆಸುಗೆ ಸುಮಾರು 217 ಡಿಗ್ರಿಯಲ್ಲಿ ಕರಗಿದರೆ, 63/37 ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗುತ್ತದೆ. ಹಳೆಯದಕ್ಕೆ ಇದನ್ನು ಸ್ವಲ್ಪ ಬೆರೆಸಿ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವ ಲೇಪ) ಹಾಕಿದರೆ ಕೆಲಸ ಹಗುರ. ಬೆಸುಗೆ ಐರನ್ 320ರಿಂದ 350 ಡಿಗ್ರಿ, ಒಂದು ಪ್ಯಾಡ್ ಮೇಲೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಡ. ಹೊಸ ಸ್ವಿಚ್‌ಗೆ ಬಿಸಿಗಾಳಿ ಹಿಡಿಯಬೇಡಿ, ಅದರ ಪ್ಲಾಸ್ಟಿಕ್ ಕರಗಿ ಬಿಲ್ಲೆ ಅಲ್ಲಾಡದಂತಾಗುತ್ತದೆ. ಫ್ಲಕ್ಸ್ ಅತಿಯಾದರೆ ಸ್ವಿಚ್ ಒಳಗೇ ಹರಿದು 'ಟಕ್' ಇದ್ದೂ ಕೆಲಸ ಮಾಡದ ಹೊಸ ಸ್ವಿಚ್ ನಿಮ್ಮ ಕೈಯಲ್ಲಿರುತ್ತದೆ.

ಅಂಟು ಹಾಕುವ ಮುಂಚೆ ಎಲ್ಲ ಕನೆಕ್ಟರ್ ಕೂರಿಸಿ, ಕೊನೆಯಲ್ಲಿ ಬ್ಯಾಟರಿ ಕೂಡಿಸಿ, ಟ್ಯಾಬ್ ಆನ್ ಮಾಡಿ ನೋಡಿ. ಪವರ್, ಎರಡೂ ವಾಲ್ಯೂಮ್, ಟಚ್ ಪರದೆಯ ನಾಲ್ಕು ಮೂಲೆ, ಮೈಕ್, ಕ್ಯಾಮೆರಾ, ವೈಫೈ ಎಲ್ಲವನ್ನೂ ಪರೀಕ್ಷಿಸಿ. ಹೊಸ ಸ್ವಿಚ್ ಮೀಟರ್‌ನಲ್ಲಿ ಸರಿಯಿದ್ದೂ ಟ್ಯಾಬ್ ಏಳದಿದ್ದರೆ ಪಟ್ಟಿಯ ತುದಿ ಕನೆಕ್ಟರ್‌ನಲ್ಲಿ ಓರೆಯಾಗಿದೆಯೇ ನೋಡಿ. ಅದೂ ಸರಿಯಿದ್ದರೆ ತೊಂದರೆ ಬೋರ್ಡಿನಲ್ಲಿದೆ, ಮತ್ತೊಂದು ಸ್ವಿಚ್ ತರಿಸಿ ಪ್ರಯೋಜನವಿಲ್ಲ. ವೈಫೈ ದುರ್ಬಲವಾಗಿದ್ದರೆ ಆಂಟೆನಾ ತಂತಿಯ ಗುಂಡಿ ಕೂತಿಲ್ಲ. ಪರದೆ ತಾನಾಗಿ ಒತ್ತಿಕೊಳ್ಳುತ್ತಿದ್ದರೆ ಟಚ್ ಕೇಬಲ್ ಮಡಿಕೆಯಾಗಿದೆ.

ಎಲ್ಲ ಸರಿ ಕಂಡರೆ ಟ್ಯಾಬನ್ನು ಮತ್ತೆ ಆಫ್ ಮಾಡಿ, ಹಳೆ ಅಂಟನ್ನು ಆಲ್ಕೋಹಾಲ್‌ನಿಂದ ಪೂರ್ತಿ ಒರೆಸಿ. ಉಳಿದ ಒಂದು ಗಂಟು ಅಂಟೂ ಗಾಜನ್ನು ಒಂದು ಬದಿ ಎತ್ತಿ ನಿಲ್ಲಿಸಿ ಮುಂದೆಂದೋ ಬಿರುಕಿಗೆ ಕಾರಣವಾಗುತ್ತದೆ. ಬಿ-7000 ಬಳಸುವುದಾದರೆ ದಾರದಷ್ಟು ತೆಳ್ಳನೆಯ ಗೆರೆ ಎಳೆಯಿರಿ, ಬಟನ್ ಹತ್ತಿರ ಒಂದೆರಡು ಸೆಂ.ಮೀ. ಅಂಟಿಲ್ಲದೆ ಬಿಡಿ. ಹಿಂಡಿ ಬಂದ ಅಂಟು ಟೋಪಿಗೆ ತಗುಲಿದರೆ ಹೊಸ ಬಟನ್ನೂ ಅಲ್ಲಾಡುವುದಿಲ್ಲ. ಮೇಲೆ ಸಮವಾಗಿ ಪುಸ್ತಕಗಳ ಭಾರ ಹೇರಿ ರಾತ್ರಿಯಿಡೀ ಬಿಡಿ. ಅಂಟು ಪೂರ್ತಿ ಬಲ ಪಡೆಯಲು 24ರಿಂದ 48 ಗಂಟೆ ಬೇಕು. ನಿಮ್ಮ ಟ್ಯಾಬ್ ನೀರು ತಡೆಯುವಂಥದ್ದಾಗಿದ್ದರೆ ಆ ಗುಣ ಇನ್ನು ಇಲ್ಲ ಎಂದೇ ಬಳಸಿ.

ಕವರ್ ಹಾಕುವಾಗ ಅದರ ಒಳಮುಖವನ್ನೊಮ್ಮೆ ನೋಡಿ. ಪವರ್ ಬಟನ್ ಮೇಲೆ ಬರುವ ಉಬ್ಬು ಕವರ್ ತೊಡಿಸಿದ ಮಾತ್ರಕ್ಕೇ ಬಟನ್ ಒತ್ತುತ್ತಿದ್ದರೆ ಆ ಬಿಲ್ಲೆ ದಿನವಿಡೀ ಅರ್ಧ ಬಾಗಿಯೇ ಇರುತ್ತದೆ. ವಾಲ್ಯೂಮ್ ಬಟನ್‌ಗಳು ಚೆನ್ನಾಗಿದ್ದು ಪವರ್ ಮಾತ್ರ ಕುಸಿದಿರುವುದಕ್ಕೆ ಇದೂ ಕಾರಣವಿರಬಹುದು. ಆ ಉಬ್ಬನ್ನು ಕತ್ತರಿಸಿ ತೆಗೆದುಬಿಡಿ.